ಮೂರು ತಿಂಗಳ ವೀಸಾ

ಅಜ್ಜಂಪುರಕ್ಕೆ ಹೊಸದಾಗಿ ವರ್ಗವಾಗಿ ಬಂದ ಕಾನ್‌ಸ್ಟೇಬಲ್ ಕಲ್ಲಪ್ಪ ಮನೆ ಮುಂದೆ ಸೈಕಲ್ ನಿಲ್ಲಿಸಿದಾಗ ಕಾಶಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

“ಡಾಕ್ಟ್ರು ಮಲ್ಲಿಕಾಂಬ ಅನ್ನೋರ ಮನೆ ಇದೇ ಏನವ್ವಾ?”

ಕಾಶಮ್ಮ ಮೊರ ಕೆಳಗಿಟ್ಟಳು. ಮಗಳು ಕಡೂರಿನಲ್ಲಿ ಲೇಡಿ ಡಾಕ್ಟರು. ಹೆರಿಗೆಗೆ ಬಂದಿದ್ದ ಹೆಂಗಸೊಬ್ಬಳು ಉಳಿಯಲಿಲ್ಲವೆಂದು ಹೋದ ವಾರ ಊಟ ಬಿಟ್ಟು ಅತ್ತಿದ್ದಳು. ಸತ್ತವಳ ಕಡೆಯವರು ದೂರು ಕೊಟ್ಟಿರಬೇಕು, ಇವನು ಹಿಡಿದೊಯ್ಯಲು ಬಂದಿದ್ದಾನೆ.

“ಆ ಹೆಸರಿನೋರು ಯಾರೂ ಇಲ್ಲಿಲ್ಲ ಕಣಪ್ಪಾ.”

ಕಲ್ಲಪ್ಪ ಕಾಗದದ ಮೇಲೆ ಏನೋ ಗೀಚಿಕೊಂಡು ಹೊರಟುಹೋದ.

ಭಾನುವಾರ ಬಂದ ಮಲ್ಲಿಕಾಂಬ ಕೇಳಿದ ಮೊದಲ ಮಾತೇ ಅದು. “ಪೊಲೀಸ್ನೋರು ಬಂದಿದ್ರಾ ಅವ್ವಾ? ಅವರು ವಿಚಾರಿಸಿ ಬರೆದ್ರೇನೇ ಪಾಸ್‌ಪೋರ್ಟು. ಅದು ಬಂದ್ರೆ ಮದ್ರಾಸಲ್ಲಿ ವೀಸಾ ಅಂತಾರಲ್ಲ, ಆ ಚೀಟಿ. ಮೂರು ತಿಂಗಳು ಲಂಡನ್ನಲ್ಲಿದ್ದು ಡಾಕ್ಟ್ರುಗಳ ದೊಡ್ಡ ಪರೀಕ್ಷೆ ಬರೆದು ವಾಪಸ್ ಬರ್ಬೇಕು. ಈ ಸಲ ತಪ್ಪಿದ್ರೆ ಇನ್ನೊಂದು ವರ್ಷ ಕಾಯ್ಬೇಕು.”

ಕಾಶಮ್ಮ ಮುಖ ತಿರುಗಿಸಿ, “ಬಂದಿಲ್ಲ ಕಣೇ” ಎಂದುಬಿಟ್ಟಳು.

ಮಗಳು ಕಡೂರಿಗೆ ಹೊರಟ ಮೇಲೆ ಕಾಶಮ್ಮ ಠಾಣೆಗೆ ಓಡಿದಳು. ಕಲ್ಲಪ್ಪ ತಲೆ ಕೆರೆದುಕೊಂಡ. “ವಿಳಾಸ ಸುಳ್ಳು ಅಂತ ಬರೆದ್ಬಿಟ್ನಲ್ಲವ್ವಾ! ಕಾಗ್ದ ತರೀಕೆರೆಗೆ ಇನ್ಸ್‌ಪೆಕ್ಟರ್ ಸಾಹೇಬ್ರ ಹತ್ರ ಹೋಯ್ತು.”

ತರೀಕೆರೆಯ ಬಸ್ಸಿನಲ್ಲಿ ಕೂತಾಗ ಒಂದು ಯೋಚನೆ ಹಾವಿನಂತೆ ಹೊಕ್ಕಿತು. ಇಲ್ಲೇ ಇಳಿದು ಮನೆಗೆ ಹೋದರೆ ಮಗಳು ಸಮುದ್ರ ದಾಟುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಅಲ್ಲಿಗೆ ಹೋದ ಎಷ್ಟು ಡಾಕ್ಟರುಗಳು ಅಲ್ಲೇ ನಿಂತುಬಿಟ್ಟಿಲ್ಲ? ಪೊಲೀಸರಿಗಿಂತ ಹೆಚ್ಚಾಗಿ ತನ್ನ ಮನಸ್ಸಿಗೇ ಹೆದರಿ ಕಾಶಮ್ಮ ಕಣ್ಣು ಮುಚ್ಚಿ ‘ಶಿವಶಿವಾ’ ಎನ್ನುತ್ತ ಕೂತಳು. ಇಳಿಯಲಿಲ್ಲ.

“ಪೊಲೀಸ್ನೋರಿಗೆ ಸುಳ್ಳು ಹೇಳಿದ್ರೆ ಕೇಸಾಗುತ್ತೆ, ಗೊತ್ತೇನಮ್ಮ?” ಇನ್ಸ್‌ಪೆಕ್ಟರ್ ಗದರಿದರು.

ಕಾಶಮ್ಮ ಕೈ ಮುಗಿದಳು. “ನನ್ ಮೇಲೆ ಹಾಕಿ ಸ್ವಾಮಿ. ಹುಡುಗಿ ಕಾಗ್ದ ಮಾತ್ರ ತಡೀಬೇಡಿ.”

ಅವರು ಕಡತ ಎಳೆದುಕೊಂಡರು. ಕೊನೆಗೆ ಹೇಳಿಕೆ ಬರೆಸಿಕೊಂಡು ಸಹಿ ಮಾಡಿಸಿದರು. ‘ಕಾಶಮ್ಮ’ ಎಂಬ ಮೂರಕ್ಷರ ಮೂರು ಕಡೆಗೆ ವಾಲಿತ್ತು.

ತಿಂಗಳೊಳಗೆ ಪಾಸ್‌ಪೋರ್ಟ್ ಬಂತು. ಮದ್ರಾಸಿನಿಂದ ವೀಸಾ ಮುದ್ರೆ ಹಾಕಿಸಿಕೊಂಡು ಬಂದ ಮಗಳನ್ನು ಕಡೂರು ರೈಲ್ವೆ ಸ್ಟೇಷನ್ನಿನಲ್ಲಿ ಕಂಡಾಗ ಕಾಶಮ್ಮ ಎಲ್ಲವನ್ನೂ ಒಪ್ಪಿಕೊಂಡಳು.

ಮಲ್ಲಿಕಾಂಬ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. “ಇಷ್ಟು ದಿನ ಯಾಕವ್ವಾ ಹೇಳ್ಲಿಲ್ಲ?”

“ಹೆದ್ರಿಕೆ ಕಣೇ.”

“ವಾಪಸ್ ಬರ್ತೀಯಾ ಅಂತ ಮದ್ರಾಸಲ್ಲಿ ವೀಸಾ ಕೊಡೋ ದೊರೆ ಮೂರು ಸಲ ಕೇಳ್ದ. ನಂಗೂ ಹೆದ್ರಿಕೆ ಆಯ್ತು.”

ಹನ್ನೊಂದು ವಾರಕ್ಕೆ ಅವಳು ವಾಪಸು ಬಂದಳು. ಬರೆಯುವ ಪರೀಕ್ಷೆ ಪಾಸಾಗಿ, ಎದುರು ಕೂರಿಸಿ ಪ್ರಶ್ನೆ ಕೇಳುವ ಪರೀಕ್ಷೆಯಲ್ಲಿ ಫೇಲಾಗಿದ್ದಳು.

“ಇನ್ನೊಂದ್ ಸಲ ಹೋಗ್ಬೇಕಾಗುತ್ತೆ ಅವ್ವಾ” ಎಂದಳು, ಟ್ರಂಕು ಇಳಿಸುತ್ತ.

ಕಾಶಮ್ಮ ತಟ್ಟೆ ಹಾಕಿದಳು. “ಹೋಗು. ಮೊದ್ಲು ಉಣ್ಣು” ಎಂದಳು.