ಪಿಯಾನೋ ಕೆಳಗಿನ ಕಂಬಳಿ

ನಾನು ಒಂದು ಕರಿ ಕಂಬಳಿ. ಮೆಡ್ಲೇರಿ ಎಂಬ ಊರಿನ ಕುಣಿಮಗ್ಗದಲ್ಲಿ ಹುಟ್ಟಿದೆ. ಹುಣಸೆಬೀಜದ ಗಂಜಿ ಕುಡಿಸಿ ಬಿಸಿಲಿಗೆ ಹರವಿದಾಗ ಹಲಗೆಯಂತೆ ಸೆಟೆದುಕೊಂಡಿದ್ದೆ. ನನ್ನನ್ನು ಸಂತೆಯಲ್ಲಿ ಕೊಂಡವನು ಹುಬ್ಬಳ್ಳಿಯಲ್ಲಿ ಹಮಾಲರ ತಂಡವೊಂದನ್ನು ನಡೆಸುತ್ತಿದ್ದ ಫಕ್ಕೀರಪ್ಪ. ನೆಲಕ್ಕೆ ಗೀರು ಬೀಳದಂತೆ ಬೀರು, ಮಂಚಗಳ ಅಡಿಗೆ ನನ್ನನ್ನು ಮಡಚಿ ಹಾಕಿ ಎಳೆಯುತ್ತಿದ್ದ. ಆರು ವರ್ಷ ಹೀಗೆ ನಡೆಯಿತು. ಒಂದು ಬೇಸಿಗೆಯಲ್ಲಿ ಜ್ವರ ಬಂದು ಅವನು ತೀರಿಕೊಂಡ.

ಅವನ ಹೆಂಡತಿ ಗುರುಸಿದ್ದವ್ವ ಹದಿನೈದು ದಿನ ಮನೆಯೊಳಗಿದ್ದಳು. ಮರುದಿನ ನನ್ನನ್ನು ಹೆಗಲಿಗೆ ಹಾಕಿಕೊಂಡು ಹಮಾಲರ ಕಟ್ಟೆಗೆ ಬಂದಳು. "ಇನ್ನ ಮ್ಯಾಲ ತಂಡಾ ನಾ ನಡಸ್ತೇನಿ" ಎಂದಳು. ಮೂವರು ನಕ್ಕು ಎದ್ದುಹೋದರು. ನಾಲ್ವರು ಉಳಿದರು.

ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಹಳೆಯ ಕ್ಲಬ್ಬೊಂದರದು. ಅಲ್ಲಿಯ ಸಭಾಂಗಣಕ್ಕೆ ತೇಗದ ಹಲಗೆಯ ನೆಲ. ಕಾವಲುಗಾರ ಯಮನೂರಪ್ಪ ಮೂವತ್ತು ವರ್ಷದಿಂದ ಅದಕ್ಕೆ ಮೇಣ ತಿಕ್ಕುತ್ತ ಬಂದಿದ್ದ. ಹುಡುಗಿಯರ ಭರತನಾಟ್ಯಕ್ಕೆ ಜಾಗ ಬೇಕೆಂದು ನಡುವಿದ್ದ ಪಿಯಾನೋವನ್ನು ಗೋಡೆಗೆ ಸರಿಸಬೇಕಿತ್ತು. ಅದರ ಹಿತ್ತಾಳೆಯ ಗಾಲಿಗಳೋ ತಿರುಗುವುದನ್ನೇ ಮರೆತಿದ್ದವು. ಕ್ಲಬ್ಬಿನ ಕಾರ್ಯದರ್ಶಿಗೆ ಮರದ ನೆಲವೇ ಬೇಡವಾಗಿತ್ತು.

"ಒಂದ ಗೀರ ಬಿದ್ರೂ ಇದನ್ನ ಕಿತ್ತಿಸಿ ಟೈಲ್ಸ್ ಹಾಕಸ್ತೇನಿ" ಎಂದರು.

ಯಮನೂರಪ್ಪನ ಮುಖ ಸಣ್ಣಗಾಯಿತು. ಅವನು ಗೋಡೆಯತ್ತ ತಿರುಗಿ ನಿಂತುಬಿಟ್ಟ.

"ಮೊದ್ಲ ನೆಲಾ ಒರಸ್ರಿ. ಒಂದ ಉಸುಕಿನ ಕಾಳ ಉಳದ್ರೂ ಗೀರ ಬೀಳತೈತಿ" ಎಂದಳು ಗುರುಸಿದ್ದವ್ವ. ಒರೆಸಿದ ಮೇಲೂ ಸಮಾಧಾನವಾಗದೆ, ಮಂಡಿಯೂರಿ ದಾರಿಯುದ್ದಕ್ಕೂ ಅಂಗೈಯಿಂದ ತಡವಿ ನೋಡಿದಳು. ಆಳುಗಳು ಒಂದೊಂದೇ ಬದಿ ಎತ್ತಿದಂತೆ, ನಾಲ್ಕು ಮಡಿಕೆ ಮಾಡಿ ನನ್ನನ್ನು ಅಡಿಗೆ ತೂರಿಸಿದಳು. ಎಳೆತ ಶುರುವಾಯಿತು. ನಾನು ಜಾರತೊಡಗಿದೆ. ಮೈಮೇಲೆ ಪಿಯಾನೋ, ಮೈಕೆಳಗೆ ನುಣ್ಣನೆಯ ತೇಗ.

ಅರ್ಧ ದಾರಿಯಲ್ಲಿ ಚರ್ರೆಂದು ಹರಿದೆ. ಗಾಲಿಯ ಅಂಚು ಮೂರು ಮಡಿಕೆ ಸೀಳಿ ಕೊನೆಯದಕ್ಕೆ ಬಂದಿತ್ತು.

"ನಿಲ್ರೋ!" ಎಂದಳು ಗುರುಸಿದ್ದವ್ವ.

"ಎಳದ ಬಿಡೂಣಕ್ಕಾ, ಇನ್ನ ನಾಕ ಮಾರ ಐತಿ" ಎಂದ ತಂಡದ ದುರಗಪ್ಪ.

"ಒಂದ ಗೇಣೂ ಬ್ಯಾಡ. ಎತ್ತಿ ಹಿಡೀರಿ."

ನಾಲ್ವರು ಎತ್ತಿದರು. ಅವಳು ಸೆರಗು ಸಿಕ್ಕಿಸಿಕೊಂಡು ಎರಡೂ ಕೈಯನ್ನು ಆ ಭಾರದ ಕೆಳಗೆ ಹಾಕಿ, ಹರಿದ ಭಾಗ ಎಳೆದು ಗಟ್ಟಿ ಭಾಗ ಕೂರಿಸಿದಳು. ಅವಸರ ಮಾಡಲಿಲ್ಲ. ಕೈ ಹೊರಗೆ ಬಂದ ಮೇಲೆಯೇ "ಇಳಸ್ರಿ" ಎಂದಳು.

ಪಿಯಾನೋ ಗೋಡೆ ಸೇರಿತು. ಕಾರ್ಯದರ್ಶಿ ಕುಕ್ಕರಗಾಲಿನಲ್ಲಿ ಕುಳಿತು ಹಲಗೆ ಹಲಗೆ ನೋಡಿದರು, ಬಾಗಿಲ ಬೆಳಕಿಗೆ ತಲೆ ವಾಲಿಸಿ ಮತ್ತೆ ನೋಡಿದರು. ಕೊನೆಗೆ ಒಂದು ಗೀರೂ ಸಿಗದೆ ಹೊರಗೆ ಹೋದರು.

ಯಮನೂರಪ್ಪ ನನ್ನನ್ನು ಎತ್ತಿ ಕೊಡವಿದ. "ಯವ್ವಾ, ನಿನ್ನ ಕಂಬಳಿ ಹರದೈತಲ್ಲ."

"ಹರೀಲಿ ಬಿಡ್ರಿ ಅಜ್ಜಾರ. ಇದನ್ನ ಹೊಲೀಬೌದು. ನೆಲಾ ಹೊಲ್ಯಾಕ ಬರತೈತೇನು?"

ಮುದುಕ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

ಈಗ ನಾನು ತೆಳ್ಳಗಾಗಿದ್ದೇನೆ, ಭಾರ ತಡೆಯಲಾರೆ. ಗುರುಸಿದ್ದವ್ವನ ತಂಡದಲ್ಲಿ ಹನ್ನೊಂದು ಜನರಿದ್ದಾರೆ, ನನ್ನ ಕೆಲಸಕ್ಕೆ ಹೊಸ ಕಂಬಳಿಗಳು ಬಂದಿವೆ. ಚಳಿಯ ಬೆಳಗಿನಲ್ಲಿ ಅವಳು ನನ್ನನ್ನು ಹೊದ್ದು ಚಹಾ ಕುಡಿಯುತ್ತಾಳೆ. ಇಷ್ಟು ವರ್ಷ ಎಷ್ಟೋ ಮನೆಗಳ ನೆಲ ಕಾದೆ. ಮನುಷ್ಯರೊಬ್ಬರ ಮೈ ಬೆಚ್ಚಗಿಡುವ ಕೆಲಸ ನನಗೆ ಸಿಕ್ಕಿದ್ದು ಈಗಲೇ.