ಗೌರಕ್ಕನ ಅಪ್ಪನ ತಲೆ

ಘೋಡಗೇರಿಯ ಸತ್ತೆಪ್ಪ ತನ್ನ ಎಪ್ಪತ್ತಾರು ವರ್ಷದ ಬಾಳಿನಲ್ಲಿ ಒಂದು ಕೋಳಿಯ ಕುತ್ತಿಗೆಯನ್ನೂ ಕೊಯ್ದವನಲ್ಲ. ಆದರೂ ಊರಲ್ಲಿ ಅವನ ಹೆಸರು ತಲೆಗಡುಕ ಸತ್ತೆಪ್ಪ. ಹುಕ್ಕೇರಿ ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತ ಕೂತಾಗಲೂ ಬೆನ್ನ ಹಿಂದೆ ಯಾರಾದರೂ, "ತಲಿಗಡಕ ಬಂದಾನ, ತಲಿ ಜ್ವಾಕಿ!" ಎಂದು ಕೂಗುವರು. ಅವನು ತಿರುಗಿ ನೋಡಿ ನಕ್ಕುಬಿಡುವನು. ಹೆಸರು ಸುಳ್ಳಲ್ಲವಲ್ಲ. ತೆಗೆದದ್ದು ಒಂದೇ ತಲೆ. ಆದರೆ ಅದು ಬೀಗರ ತಲೆ, ಪಟಕಾ ಸುತ್ತಿದ ತಲೆ.

ಅದು ಆಗಿ ಐವತ್ತು ವರ್ಷವಾಯಿತು. ಮಿಲಿಟರಿ ಬಿಟ್ಟು ಊರಿಗೆ ಬಂದ ಸೋದರಮಾವ ಒಂದು ಕ್ಯಾಮೆರಾ ತಂದು ಸತ್ತೆಪ್ಪನ ಕೈಗಿಟ್ಟಿದ್ದ. "ಸೂರ್ಯಾ ಬೆನ್ನಿಗಿರಬೇಕು, ಕೈ ನಡಗಬಾರದು," ಎಂದು ಎರಡು ಮಾತು ಕಲಿಸಿದ್ದ. ಮೂರನೇ ಇಯತ್ತೆಗೇ ಸಾಲಿ ಬಿಟ್ಟ ಸತ್ತೆಪ್ಪನಿಗೆ, ಕಲಿಯಲು ಮೂರನೆಯ ಮಾತೂ ಒಂದು ಇರಬಹುದೆಂದು ಹೊಳೆಯಲಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ನಾಲ್ಕು ಬಿಳಿ ಗೆರೆಗಳು ಸೇರಿ ಒಂದು ಚೌಕ ಕಾಣುತ್ತಿತ್ತು. ಲಗ್ನಪತ್ರಿಕೆಯ ಸುತ್ತ ಬಳ್ಳಿ ಬರೆದಿರುತ್ತಾರಲ್ಲ, ಇದೂ ಅಂಥದೇ ಏನೋ ಅಲಂಕಾರ ಎಂದುಕೊಂಡ.

ಆ ವರ್ಷ ಅವನ ಓಣಿಯ ಭೀಮಶಿಯ ಲಗ್ನ. ಮೇಲವಂಕಿಯ ಗೌರಕ್ಕ ಮದುಮಗಳು. ರೀಲಿನಲ್ಲಿ ಉಳಿದಿದ್ದದ್ದು ಒಂದೇ ಫೋಟೋ. ಮದುಮಕ್ಕಳನ್ನು ಕುರ್ಚಿಯ ಮೇಲೆ ಕೂರಿಸಿ, ಹಿಂದೆ ಗೌರಕ್ಕನ ಅಪ್ಪ ಅಪ್ಪಣ್ಣನನ್ನು ನಿಲ್ಲಿಸಿದ. ಆರಡಿ ಆಳು, ಮೇಲೆ ಕೆಂಪು ಪಟಕಾ. ತಲೆ ಮೇಲಿನ ಗೆರೆಯನ್ನು ದಾಟಿದ್ದರೇನಾಯಿತು, ಕಿಂಡಿಯಲ್ಲಿ ಪಟಕಾದ ತುದಿಯವರೆಗೂ ಕಾಣುತ್ತಿತ್ತು. ಸತ್ತೆಪ್ಪ ಒತ್ತಿದ. ಗೋಕಾಕದಲ್ಲಿ ರೀಲು ತೊಳೆಸಿ ನೋಡಿದರೆ ಮದುಮಕ್ಕಳು ಚೆಂದ ಬಂದಿದ್ದರು. ಹಿಂದೆ ಒಂದು ಬಿಳಿ ಕೋಟು, ನಾಲ್ಕು ಗುಂಡಿ, ಮುಗಿದ ಎರಡು ಕೈ. ಕುತ್ತಿಗೆಗೆ ಬಂದು ಫೋಟೋ ಮುಗಿದಿತ್ತು.

"ಗೆರಿ ಒಳಗಿದ್ದದ್ದಷ್ಟ ರೀಲಿಗೆ ಬೀಳತೈತಿ, ತಮ್ಮಾ," ಎಂದಿದ್ದ ಗೋಕಾಕದ ಸ್ಟುಡಿಯೋದವನು. "ಹೊರಗಿಂದು ಬರೇ ನಿನ್ನ ಕಣ್ಣಿಗೆ."

ಆ ಮಳೆಗಾಲದಲ್ಲೇ ಅಪ್ಪಣ್ಣ ತೀರಿಕೊಂಡ. ಅವನದು ಬೇರೆ ಫೋಟೋ ಇರಲಿಲ್ಲ. ಗೌರಕ್ಕ ಅದನ್ನೇ ಕಟ್ಟಿಸಿ ಗಂಡನ ಮನೆಯ ಗೋಡೆಗೆ ಹಾಕಿದಳು. ಸೋಮವಾರ ಬಂದರೆ ವಿಭೂತಿ ಹಚ್ಚಬೇಕು, ಹಣೆ ಎಲ್ಲಿದೆ? ಹಣೆ ಇರಬೇಕಾದ ಜಾಗಕ್ಕೆ ಚೌಕಟ್ಟಿನ ಕಟ್ಟಿಗೆ ಬಂದಿತ್ತು. ಕಟ್ಟಿಗೆಗೇ ಹಚ್ಚಿದಳು. ಐವತ್ತು ವರ್ಷ ಹಚ್ಚಿ ಹಚ್ಚಿ ಆ ಸಾಗವಾನಿಗೆ ಮೂರು ಬಿಳಿ ಪಟ್ಟೆ ಮೂಡಿದ್ದವು.

ಅಂದಿನಿಂದ ಸತ್ತೆಪ್ಪನ ಕ್ಯಾಮೆರಾದ ಮುಂದೆ ನಿಂತವರು, ಅವನು ಹೇಳದಿದ್ದರೂ, ಮೊಣಕಾಲು ಬಗ್ಗಿಸಿ ನಿಲ್ಲತೊಡಗಿದರು. ಹೀಗಾಗಿ ಅವನು ತೆಗೆದ ಫೋಟೋಗಳಲ್ಲೆಲ್ಲ ಊರಿನ ಮಂದಿ ಗಿಡ್ಡ. ಕಡೆಗೆ ರೀಲು ಸಿಗುವುದೂ ನಿಂತು ಕ್ಯಾಮೆರಾ ಟ್ರಂಕು ಸೇರಿದಾಗ, ಅವನಿಗಿಂತ ಹೆಚ್ಚು ಊರೇ ನೆಮ್ಮದಿಯ ಉಸಿರುಬಿಟ್ಟಿತು. ಆದರೆ ಗೌರಕ್ಕ ಮರೆಯಲಿಲ್ಲ. ಅವನು ಅವಳಿಗಿಂತ ಎಂಟು ವರ್ಷ ದೊಡ್ಡವನು. ಆದರೂ ಅವನನ್ನು 'ಅಣ್ಣಾ' ಅನ್ನಲಿಲ್ಲ, ಮಾತಿಗೆ 'ರಿ' ಹಚ್ಚಲಿಲ್ಲ, ಒಂದು ದಿನ ಚಹಾಕ್ಕೆ ಒಳಗೆ ಕರೆಯಲಿಲ್ಲ. ತಲೆ ತೆಗೆದವನಿಗೆ ಎಂಥ ಚಹಾ!

ಹೋದ ಮಾಘದಲ್ಲಿ ಒಂದು ದಿನ ಅವಳೇ ಕಟ್ಟೆಯ ಮೇಲಿಂದ ಕೂಗಿದಳು.

"ಏ ತಲಿಗಡಕಾ, ಬಾ ಇಲ್ಲೆ. ನಂದೊಂದು ಫೋಟೋ ಆಗಬೇಕು. ಗ್ವಾಡಿಗೆ ಹಾಕೂವಂಥಾದ್ದು."

"ಅಂಥಾ ಅವಸರ ಏನ ಬಂತು, ಗೌರಕ್ಕ?"

"ಮ್ಯಾಲಿನ ಓಣಿ ಯಮನವ್ವ ಸತ್ತಾಗ ಏನಾತು, ನೋಡಿದಿಲ್ಲೋ? ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಹಾಕ್ಯಾರ. ಪೊಲೀಸರು ಹುಡುಕಾಕತ್ತಿದ್ದ ಹೆಣ್ಮಗಳಂಗ ಕಾಣತಾಳ. ನಾ ಹಂಗ ಗ್ವಾಡಿ ಏರಾಂಗಿಲ್ಲ. ಅಪ್ಪನ ಫೋಟೋ ತೊಡಿ ಮ್ಯಾಲ ಇಟಗೊಂಡು ಕುಂದರತೇನಿ. ನೀನ ತಗೀಬೇಕು."

"ನಿನ್ನ ಸೊಸಿ ಮಾಲಾನ ಮೊಬೈಲ್ ಐತೆಲ್ಲ?"

"ತಲಿ ತಗದಾಂವ ನೀನು. ಅದರ ಪಾಪ ಮಾಲಾ ಯಾಕ ಹೊರಬೇಕು? ಮತ್ತ ಕೇಳು, ಒಂದ ಸಲ ಒತ್ತಬೇಕು. ಎರಡನೇದ್ದಿಲ್ಲ. ಅವತ್ತ ನಮ್ಮಪ್ಪಗ ಎರಡನೇ ಸಲ ಸಿಕ್ಕಿತ್ತೇನು?"

ಸತ್ತೆಪ್ಪ ಕೇಳಿದ, "ಚಲೋ ಬಂದ್ರ?"

"ತಲಿಗಡಕ ಅನ್ನೂದು ಬಿಡತೇನಿ. ನಾ ಬಿಟ್ರ ಊರೂ ಬಿಡತೈತಿ."

ಸತ್ತೆಪ್ಪನಿಗೆ ಅಷ್ಟು ಸಾಕಿತ್ತು. ಅವನಿಗೆ ಸಾಯುವ ಭಯ ಇರಲಿಲ್ಲ. ಸತ್ತ ದಿನ ಊರವರು, "ತಲಿಗಡಕ ಹ್ವಾದ್ನಂತ" ಅನ್ನುತ್ತಾರಲ್ಲ, ಅದರ ಭಯ ಇತ್ತು.

ಮರುದಿನವೇ ಬಸ್ಸು ಹತ್ತಿ, ಗೋಕಾಕದಲ್ಲಿ ಬದಲಿಸಿ, ಮೂಡಲಗಿಗೆ ಹೋದ. ಅಲ್ಲಿ ತಮ್ಮನ ಮಗಳು ದಾನೇಶ್ವರಿಯ ಸ್ಟುಡಿಯೋ. ಅವಳು ಅಂಗೈಯಗಲದ ಒಂದು ಕ್ಯಾಮೆರಾ ಕೊಟ್ಟಳು.

"ಇದರ ಲೆನ್ಸ್ ಬಿಚ್ಚಾಕ ಬರಂಗಿಲ್ಲ ದೊಡ್ಡಪ್ಪಾ, ಜೂಮೂ ಇಲ್ಲ. ಭಾಳ ಅಗಲ ನೋಡತೈತಿ. ಹತ್ರ ಹೋದಿ ಅಂದ್ರ ಗೌರಕ್ಕನ ಮೂಗು ಬದನಿಕಾಯಿ ಆಕ್ಕೈತಿ. ಅದಕ್ಕ ದೂರ ನಿಂತು ಈ ಗುಂಡಿ ಒತ್ತು. ಗೆರಿ ಬರತಾವ. ಗೆರಿ ಒಳಗ ಅಕಿನ್ನ ಕುಂದ್ರಸು."

ಗೆರೆ ಎಂಬ ಮಾತು ಕೇಳಿದ್ದೇ ಸತ್ತೆಪ್ಪ ಕ್ಯಾಮೆರಾ ಎತ್ತಿ ಆ ಗುಂಡಿ ಒತ್ತಿದ. ಕಣ್ಣಿಟ್ಟು ನೋಡಿದ. ಕಿಂಡಿಯೊಳಗೆ ಇಡೀ ಅಂಗಡಿ, ಬಾಗಿಲು, ಹೊರಗಿನ ಚಕ್ಕಡಿ ಕಂಡಿತು. ನಡುವೆ ಅದೇ ನಾಲ್ಕು ಬಿಳಿ ಗೆರೆ. ಅವನನ್ನು ಹುಡುಕಿಕೊಂಡು ಮೂಡಲಗಿಯ ತನಕ ಬಂದಿದ್ದವು.

"ಗೆರಿ ವಿಷಯ ನನಗ ಹೇಳಬ್ಯಾಡವಾ. ನನ್ನಷ್ಟು ಪೆಟ್ಟು ತಿಂದು ಕಲತಾಂವ ಜಿಲ್ಲಾದಾಗ ಇಲ್ಲ."

"ಇದರಾಗ ಇನ್ನೊಂದೈತಿ, ದೊಡ್ಡಪ್ಪಾ..." ಎನ್ನುವುದರೊಳಗೆ ಅವನು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದ.

ಮರುದಿನ ಮುಂಜಾನೆ ಗೌರಕ್ಕ ಇಳಕಲ್ ಸೀರೆಯುಟ್ಟು ಕಟ್ಟೆಯ ಮೇಲೆ ಕೂತಳು. ತೊಡೆಯ ಮೇಲೆ ಅಪ್ಪನ ಫೋಟೋ. ಓಣಿಯ ಅರ್ಧ ಮಂದಿ ಸೇರಿದ್ದರು. ಮುದುಕ ಬೀರಸಿದ್ದಪ್ಪನಂತೂ ತನ್ನ ಮನೆಯ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ತನ್ನ ತಲೆಯನ್ನು ಹಿಡಿದುಕೊಂಡಿದ್ದ. ಪಟಕಾ ಸುತ್ತಿ ಬಂದಿದ್ದ ಸತ್ತೆಪ್ಪ ಯಾರ ಕಡೆಗೂ ನೋಡಲಿಲ್ಲ. ಎಳೆಬಿಸಿಲನ್ನು ಬೆನ್ನಿಗೆ ಮಾಡಿಕೊಂಡು ಓಣಿಯ ಆಚೆ ಬದಿಗೆ ನಿಂತ. ಗುಂಡಿ ಒತ್ತಿದ. ಗೆರೆ ಬಂದವು. ಮೇಲಿನ ಗೆರೆ ನೋಡಿದ. ಗೌರಕ್ಕನ ತಲೆ ಅದರ ಕೆಳಗಿತ್ತು. ಇನ್ನೊಂದು ಗೇಣು ಕೆಳಗಿರಲಿ ಎಂದು ಕ್ಯಾಮೆರಾ ಎತ್ತಿದ. ಮತ್ತೊಂದು ಗೇಣು, ಜೀವಕ್ಕೆ ಸಮಾಧಾನವಾಗಲಿ ಎಂದು. ಈಗ ಅವಳು ಎದ್ದು ನಿಂತರೂ ತಲೆ ಹೋಗುವಂತಿರಲಿಲ್ಲ.

"ಹೊಡಿಯೋ ಮಾರಾಯಾ, ಸೊಂಟ ಹಿಡೀತು."

ಸತ್ತೆಪ್ಪ ಉಸಿರು ಹಿಡಿದು ಒತ್ತಿದ.

ಕ್ಯಾಮೆರಾದ ಹಿಂದಿನ ಪರದೆಯ ಮೇಲೆ ಫೋಟೋ ಮೂಡಿತು. ಗೌರಕ್ಕ ಎದ್ದು ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ತಲೆ ಇತ್ತು. ತಲೆಯ ಮೇಲೆ ಅರ್ಧ ಫೋಟೋ ತುಂಬ ಬರೀ ಗೋಡೆ ಇತ್ತು. ಕೆಳಗೆ ಎದೆಗೆ ಬಂದು ಫೋಟೋ ಮುಗಿದಿತ್ತು. ತೊಡೆ ಇರಲಿಲ್ಲ, ತೊಡೆಯ ಮೇಲಿನ ಅಪ್ಪನೂ ಇರಲಿಲ್ಲ. ಕೆಳಗೂ ಒಂದು ಗೆರೆ ಇದೆಯೆಂಬುದನ್ನು ಸತ್ತೆಪ್ಪ ಮರೆತೇಬಿಟ್ಟಿದ್ದ.

"ಅವತ್ತ ಬರೇ ತಲಿ ತಗದಿದ್ದಿ," ಎಂದಳು ಗೌರಕ್ಕ. "ಇವತ್ತ ಇಡೀ ಮನಿಶ್ಯಾನ್ನ ತಗದಿ."

ಮಾಲಾ, "ಇನ್ನೊಂದ ಸಲ ಹೊಡೀಲಿ ಬಿಡ್ರಿ, ಅತ್ತಿ," ಎಂದಳು. ಗೌರಕ್ಕ ಅಪ್ಪನನ್ನು ಅವುಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀರಸಿದ್ದಪ್ಪ ತನ್ನ ತಲೆಯಿಂದ ಕೈ ತೆಗೆದ.

ಕ್ಯಾಮೆರಾ ತಿರುಗಿ ಕೊಡಲು ಮೂಡಲಗಿಗೆ ಹೋದಾಗ ಸತ್ತೆಪ್ಪ ಏನೂ ಹೇಳಬಾರದೆಂದಿದ್ದ. ಮುಖ ನೋಡಿಯೇ ದಾನೇಶ್ವರಿ ಕಂಪ್ಯೂಟರಿಗೆ ಹಾಕಿದಳು. ಮೊದಲು ಅದೇ ಗೋಡೆಯ ಫೋಟೋ ಬಂತು. ಅವಳು ಇನ್ನೇನೋ ಒತ್ತಿದಳು. ಫೋಟೋ ನಾಲ್ಕೂ ಕಡೆಗೆ ಬಾಗಿಲು ತೆರೆದಂತೆ ಅಗಲವಾಯಿತು. ಗೌರಕ್ಕನ ತೊಡೆ ಬಂತು, ತೊಡೆಯ ಮೇಲೆ ಕೋಟು, ನಾಲ್ಕು ಗುಂಡಿ, ಮುಗಿದ ಕೈ. ಕಟ್ಟೆ ಬಂತು, ಅವಳ ಪಾದ ಬಂತು, ಪಾದದ ಮುಂದಿನ ನೆಲ ಬಂತು.

"ಇದನ್ನ ಹೇಳಾಕ ಬಂದಿದ್ದೆ, ನೀ ಓಡಿದಿ. ಇದರಾಗ ಗೆರಿ ಬರೇ ನಿನ್ನ ಕಣ್ಣಿಗೆ ದೊಡ್ಡಪ್ಪಾ. ಗೆರಿ ಒಳಗಿಂದು ಒಂದು ಕಾಪಿ ಮಾಡಿ ತೋರಸತೈತಿ, ಇಡೀದನ್ನೂ ಒಳಗ ಇಟಗೊಂಡಿರತೈತಿ."

ಸತ್ತೆಪ್ಪ ಬಹಳ ಹೊತ್ತು ನೋಡಿದ. "ಇಂಥಾದ್ದನ್ನ ಐವತ್ತ ವರ್ಷ ಮದಲ ಮಾಡಾಕ ಇವರಿಗೇನ ಧಾಡಿ ಆಗಿತ್ತು?" ಎಂದ.

ಆಮೇಲೆ ನೆಲದ ಮೇಲಿನ ಕಪ್ಪು ಕಂಡಿತು. ಬೆನ್ನಿಗಿದ್ದ ಸೂರ್ಯ ಸತ್ತೆಪ್ಪನ ನೆರಳನ್ನು ಓಣಿಗೆ ಅಡ್ಡ ಚಾಚಿ ಗೌರಕ್ಕನ ಪಾದದ ಬುಡಕ್ಕೆ ತಂದಿಟ್ಟಿತ್ತು. ಪಟಕಾ ಸುತ್ತಿದ ದುಂಡನೆಯ ತಲೆ. ಕುತ್ತಿಗೆಗೆ ಬಂದು ಫೋಟೋ ಮುಗಿದಿತ್ತು, ಮೈ ಇರಲಿಲ್ಲ.

"ಅಯ್ಯ, ಇದನ್ನ ಕತ್ತರಿಸಿ ತಗೀವಾ."

"ಮತ್ತ ತಲಿ ತಗೀಯಾಕ ಬಂದಿ?" ಎಂದಳು ದಾನೇಶ್ವರಿ. ಹಾಗೆಯೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟಳು.

ಸೋಮವಾರ ಮುಂಜಾನೆ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಸತ್ತೆಪ್ಪ ಗೌರಕ್ಕನ ಕಟ್ಟೆಯ ಮುಂದೆ ನಿಂತ. ಅವಳು ಕಾಗದ ಬಿಚ್ಚಿದಳು. ಮೊದಲು ತನ್ನ ಮುಖ ನೋಡಿದಳು, ಆಮೇಲೆ ಅಪ್ಪನ ಕೋಟು. ಬೆರಳು ಕೆಳಗಿಳಿದು ನೆಲದ ಮೇಲಿನ ಪಟಕಾದ ಹತ್ತಿರ ನಿಂತಿತು.

"ಇದ್ಯಾರು?"

"ನಾನ. ತಪ್ಪಿ ಬಿದ್ದೈತಿ, ಗೌರಕ್ಕ. ಬ್ಯಾಡಂದ್ರ ತಗಸತೇನಿ."

ಗೌರಕ್ಕನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಸತ್ತೆಪ್ಪ ಗಾಬರಿಯಾದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಅಪ್ಪನ ಮೈ ಮ್ಯಾಲೈತಿ, ತಲಿ ಕೆಳಗೈತಿ. ಅಂತೂ ಒಂದ ತಲಿ ತಂದಕೊಟ್ಟಿ." ಕಣ್ಣೊರೆಸಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ತಿರುಗಿದಳು. "ಸತ್ತೆಪ್ಪಣ್ಣಾ, ಒಳಗ ಬರ್ರಿ. ಮೊಳಿ ಹೊಡೀಬೇಕು, ನನಗ ಎಟಕಂಗಿಲ್ಲ. ಮಾಲಾ, ಚಾಕ್ಕ ಇಡವಾ."

ಕೇಳಿದ್ದು ಖರೆಯೋ ಸುಳ್ಳೋ ಎಂಬ ಗುಂಗಿನಲ್ಲೇ ಸತ್ತೆಪ್ಪ ಹೆಜ್ಜೆ ಇಟ್ಟ. ಐವತ್ತು ವರ್ಷ ಹೊರಗಿನಿಂದ ಕಂಡ ಬಾಗಿಲು, ಎಷ್ಟು ಗಿಡ್ಡವೆಂದು ಅಳೆದಿರಲಿಲ್ಲ. ಚೌಕಟ್ಟಿನ ಮೇಲಿನ ಪಟ್ಟಿ ಹಣೆಗೆ ಠಪ್ಪೆಂದು ಬಡಿಯಿತು.

ಹಣೆ ಹಿಡಿದುಕೊಂಡೇ ಮೊಳೆ ಹೊಡೆದ. ಗೌರಕ್ಕ ವಿಭೂತಿ ತಂದಳು. ಈ ಸಲ ಕಟ್ಟಿಗೆಯ ಕಡೆಗೆ ನೋಡಲಿಲ್ಲ. ಗಾಜಿನ ಮೇಲೆ, ತನ್ನ ಪಾದದ ಬುಡದಲ್ಲಿದ್ದ ನೆರಳಿನ ಹಣೆಗೆ ಮೂರು ಬೆರಳು ಎಳೆದಳು.

"ಗೌರಕ್ಕ, ನಾ ಇನ್ನೂ ಬದುಕೇನಿ!"

"ಇರ್ರಿ, ಯಾರ ಬ್ಯಾಡಂದ್ರು? ಕೊಟ್ಟ ಮ್ಯಾಲ ತಲಿ ನಮ್ಮಪ್ಪಂದು."

ಬೆರಳಲ್ಲಿ ಇನ್ನೂ ಒಂದಿಷ್ಟು ವಿಭೂತಿ ಉಳಿದಿತ್ತು. ಚೆಲ್ಲುವುದೇಕೆಂದು, ಸತ್ತೆಪ್ಪನ ಬಾತ ಹಣೆಗೆ ಒರೆಸಿದಳು.