ಗೋಲಿನ ಮುಂದಿನ ಕಲ್ಲು

ಅದಿರಿಗೆ ಬಂಗಾರದ ಬೆಲೆ ಬಂದ ಕಾಲ. ದುಡ್ಡು ಎಲ್ಲಿ ಸುರಿಯಬೇಕೆಂದು ತಿಳಿಯದ ಗಣಿ ಧಣಿಗಳು ಜಿದ್ದಿಗೆ ಬಿದ್ದು ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗ್ ಕಟ್ಟಿದರು. ಮೊದಲ ವರ್ಷ ಜನ ಬಂದಿದ್ದು ಚಡ್ಡಿ ಹಾಕಿದ ಹುಡುಗಿಯರನ್ನು ನೋಡಿ ನಗಲಿಕ್ಕೆ. ಆಮೇಲೆ ಕಂಪ್ಲಿ, ಮಲಪನಗುಡಿ, ಡ್ಯಾಮು ಎಲ್ಲ ಕಡೆ ತಂಡಗಳೆದ್ದವು. ನಕ್ಕವರೇ ಟಿಕೆಟ್ಟಿಗೆ ಬಡಿದಾಡತೊಡಗಿದರು. ಆಟಗಾರ್ತಿಯರಿಗೆ ತಿಂಗಳ ಪಗಾರ ಬೇರೆ!

ಆ ಪಗಾರವೇ ವಡ್ಡು ಊರಿನ ತಂಡದ ಗೋಲ್‌ಕೀಪರ್ ಸುಮಲತಾಳ ಕೊರಳು ಕಾಯುತ್ತಿತ್ತು. ಸೋದರಮಾವ ಎರ್ರಿಯಪ್ಪ ಟಿಪ್ಪರ್ ಡ್ರೈವರ್, ಹೆಂಡತಿ ಸತ್ತವನು. ಸತ್ತವಳ ಬೆನ್ನಿನ ಬಾಸುಂಡೆಗಳನ್ನು ಊರೇ ನೋಡಿತ್ತು. ತಾಯಿ ಭರಮಮ್ಮ ಮಾತ್ರ ತಮ್ಮನಿಗೆ ಮಗಳನ್ನು ಕೊಡುವೆನೆಂದು ಮಾತು ಕೊಟ್ಟುಬಿಟ್ಟಿದ್ದಳು.

"ಪಗಾರ ಬರೋ ತನಕ ತಡೀತೀನಿ. ನಿಂತ ದಿನ ತಾಳಿ," ಎಂದು ಮಗಳಿಗೂ ಹೇಳಿದ್ದಳು.

ತಂಡ ಆಡುತ್ತಿದ್ದದ್ದು ದೊಡ್ಡಬಸಪ್ಪ ಧಣಿಯ ಹೊಲದಲ್ಲಿ. ಸ್ವಂತ ಮೈದಾನವಿಲ್ಲದ ತಂಡ ಲೀಗಿನಿಂದ ಹೊರಗೆ. ಧಣಿಗಳೇ ಮಾಡಿಕೊಂಡ ನಿಯಮ. ತಂಡ ಫೈನಲ್ ತಲುಪಿದ ಖುಷಿಯಲ್ಲಿ ಪ್ರಾಕ್ಟೀಸ್ ಮಾಡುವಾಗ, ಬಾಲಿಗೆ ಹಾರಿದ ಸುಮಲತಾಳ ಮೊಣಕಾಲು ಕಲ್ಲಿಗೆ ಬಡಿದು ಒಡೆದು ರಕ್ತ ಸುರಿಯಿತು. ಸಿಟ್ಟಿನಲ್ಲಿ ಆ ಕಲ್ಲನ್ನೇ ಕಿತ್ತುಕೊಂಡು ಧಣಿಯ ಮನೆಗೆ ಹೋದಳು. ಅಯ್ಯೋ ಹುಚ್ಚಿ, ಬೇಲಿಯಾಚೆ ಎಸೆದು ಸುಮ್ಮನಿರಬಾರದಿತ್ತೆ! ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಳು.

"ಧಣಿ, ಇಂಥವು ಭಾಳ ಅದಾವ್ರಿ. ತೆಗೆಸ್ರಿ."

ದೊಡ್ಡಬಸಪ್ಪ ಕಲ್ಲನ್ನು ಕೈಯಲ್ಲಿ ತೂಗಿದ. ರಕ್ತ ಒರೆಸಿ ಬಿಸಿಲಿಗೆ ಹಿಡಿದ.

"ಆಳಕ್ಕೂ ಅದಾವೇನು?"

"ಗೋಲ್ ಕಂಬ ನೆಡಾಕ ತೋಡಿದಾಗ ಬರೇ ಇವೇ ಬಂದ್ವು ರೀ."

"ಶಾಣ್ಯಾಕಿ ಅದಿ ಬಿಡು," ಎಂದು ಚಹಾ ಕೊಡಿಸಿ ಕಳಿಸಿದ. ಅವಳು ಹಿಗ್ಗಿ ಮನೆಗೆ ಬಂದಳು.

ಮರುದಿನ ಮೈದಾನದಲ್ಲಿ ಜೆಸಿಬಿ ಅಗೆಯುತ್ತಿತ್ತು. ಅಡಿಯಲ್ಲೆಲ್ಲ ಅದಿರು.

"ಧಣಿ, ಫೈನಲ್ಲು?" ಎಂದಳು ಸುಮಲತಾ.

"ಆಟ ಮುಂದಿನ ವರ್ಷಾನೂ ಇರತೈತಿ. ಈ ರೇಟು ಇರತೈತೇನು? ನಿಮ್ಮನ್ನ ಉಪವಾಸ ಕೆಡವಲ್ಲ, ಎಲ್ರೂ ಪುಟ್ಟಿ ಹಿಡೀರಿ, ಅದಿರು ಹೊತ್ರ ಕೂಲಿ ಕೊಡ್ತೀನಿ."

ಕ್ಯಾಪ್ಟನ್ ಪೂಜಿತಾ ಧಣಿಯನ್ನು ಬಿಟ್ಟು ಸುಮಲತಾಳ ಜಡೆ ಹಿಡಿದು ಎಳೆದಳು. "ಹೋಗಿ ತೋರಿಸಿ ಬಂದಾಕಿ ನೀನ! ನಮ್ಮೆಲ್ಲರ ಬಾಯಾಗ ಮಣ್ಣು ಹಾಕಿದ್ಯಲ್ಲಲೇ!" ಬಿಡಿಸಲು ಒಬ್ಬಳೂ ಬರಲಿಲ್ಲ. ಎಲ್ಲರೂ ಪುಟ್ಟಿ ಎತ್ತಿಕೊಂಡರು.

ಲೀಗೇನೂ ನಿಲ್ಲಲಿಲ್ಲ. ವಡ್ಡಿನ ಬದಲು ಕಂಪ್ಲಿ ಫೈನಲ್ಲಿಗೆ ಹೋಯಿತು. ಪಗಾರ ನಿಂತಿತ್ತು; ಫೈನಲ್ ದಿನವೇ ಸುಮಲತಾಳ ಮದುವೆ. ಚಪ್ಪರದಲ್ಲಿ ಯಾರಿಗೂ ಕೂತಲ್ಲಿ ಕೂರಲಾಗದು.

"ಜಲ್ದಿ ಕಟ್ಟೋ ಮಾರಾಯ, ಮ್ಯಾಚಿಗಿ ಹೊತ್ತಾತು!"

ಎರ್ರಿಯಪ್ಪ ಗಂಟು ಬಿಗಿದ. ಊಟಕ್ಕೂ ನಿಲ್ಲದೆ ಜನ ಟಿಪ್ಪರ್ ಹತ್ತಿದರು. ಸುಮಲತಾ ತಲೆ ಎತ್ತಿ ನೋಡಿದಾಗ ಮದುಮಗ ಬಾಸಿಂಗ ಬಿಚ್ಚಿ ಅವಳ ತೊಡೆಯ ಮೇಲಿಟ್ಟು, ಗಾಡಿಯ ಕೀಲಿ ಹುಡುಕುತ್ತಿದ್ದ.

"ಕಂಪ್ಲಿ ಕೀಪರ್ ಮಸ್ತ್ ಆಡ್ತಾಳಂತ, ನೋಡ್ಕಂಡು ಬರ್ತೀನಿ," ಎಂದ. "ಬರೋದ್ರಾಗ ರೊಟ್ಟಿ ಆಗಿರ್ಲಿ."